ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ಪ್ರೆಷರ್ ಬರುವುದಿಲ್ಲ: ಮನೆಯ ನೀರಿನ ಒತ್ತಡ ಅಳೆದು ಸರಿಮಾಡುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಗಿರಿನಗರದಲ್ಲಿ ನಮ್ಮದು ತುದಿ ಮಹಡಿ ಮನೆ. ಟೆರೇಸು ತಲೆಯ ಮೇಲೇ, ಟ್ಯಾಂಕು ಬಚ್ಚಲ ಮನೆಯ ನೆತ್ತಿಗೇ. ಇಷ್ಟು ಹತ್ತಿರ ಟ್ಯಾಂಕ್ ಇದ್ದರೂ ಶವರ್ ತಿರುಗಿಸಿದರೆ ನೀರು ಸುರಿಯುತ್ತಿರಲಿಲ್ಲ, ತೊಟ್ಟಿಕ್ಕುತ್ತಿತ್ತು. ತಲೆಗೆ ಶ್ಯಾಂಪೂ ಹಾಕಿಕೊಂಡವರು ಕೊನೆಗೆ ಬಕೆಟ್, ಚೊಂಬಿಗೇ ಬರಬೇಕಿತ್ತು. ಕೆಳಗಿನ ಮನೆಯವರಿಗೆ ಮಾತ್ರ ಧೋ ಅಂತ ನೀರು.

ಕರೆಸಿದ ಪ್ಲಂಬರ್ ಟೆರೇಸ್ ಹತ್ತಿ ನೋಡಿ, "ಸಾರ್, ಐನೂರು ಲೀಟರ್ ಟ್ಯಾಂಕಲ್ಲಿ ಇಷ್ಟೇ ಬರೋದು. ಸಾವಿರದ್ದು ಹಾಕ್ಸಿ. ನೀರಿನ ತೂಕ ಜಾಸ್ತಿ ಆದ್ರೆ ಪ್ರೆಷರ್ ತಾನಾಗೇ ಬರುತ್ತೆ" ಅಂದರು. ನನಗೂ ಸರಿ ಅನ್ನಿಸಿತು. ಹಾಕಿಸಿದೆ. ಮಾರನೆಯ ದಿನ ಶವರ್‌ನಲ್ಲಿ ನೀರು ಮೊದಲಿಗಿಂತ ಇನ್ನೂ ಸಣ್ಣಗೆ ಬಂತು.

ಹೊಸ ಟ್ಯಾಂಕ್ ಅಗಲ, ಗಿಡ್ಡ. ಹಳೆಯದು ಸಪೂರ, ಎತ್ತರ. ಕಾರಣ ಅಷ್ಟೇ. ಆದರೆ ಅದು ನನಗೆ ತಿಳಿದದ್ದು ದುಡ್ಡು ಕಳೆದ ಮೇಲೆ. ನೀವು ಪ್ರೆಷರ್ ಪಂಪ್‌ಗೋ ಹೊಸ ಟ್ಯಾಂಕ್‌ಗೋ ದುಡ್ಡು ಕೊಡುವ ಮೊದಲು ಈ ಬರಹದ ಏಳು ಹೆಜ್ಜೆ ಮಾಡಿ ನೋಡಿ. ಬೇಕಾಗಿರುವುದು ಒಂದು ಟೇಪು, ಒಂದು ಬಕೆಟ್, ಕೆಲವು ಅಡಿ ಪಾರದರ್ಶಕ ಟ್ಯೂಬು, ಒಂದು ಭಾನುವಾರ.

ಹೆಜ್ಜೆ 1: ಒಂದು ಬಾಟಲಿಗೆ ತೂತು ಮಾಡಿ

ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಳ್ಳಿ. ಕಾಯಿಸಿದ ದಬ್ಬಳದಿಂದ ಪಕ್ಕದಲ್ಲಿ ಮೂರು ತೂತು ಮಾಡಿ. ಒಂದು ಮೇಲೆ, ಒಂದು ನಡುವೆ, ಒಂದು ಬುಡದ ಹತ್ತಿರ. ನೀರು ತುಂಬಿಸಿ, ಬಾಟಲಿಯನ್ನು ಟೆರೇಸಿನ ಗೋಡೆಯ ಅಂಚಿನ ಮೇಲೆ ಇಡಿ. ಬುಡದ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮಿ ದೂರ ಬೀಳುತ್ತದೆ. ಮೇಲಿನದು ಅಲ್ಲೇ ಬಗ್ಗುತ್ತದೆ.

ಅಂಚಿನ ಮೇಲೆ ಇಡಿ ಅಂದದ್ದಕ್ಕೆ ಕಾರಣ ಇದೆ. ಬಾಟಲಿಯನ್ನು ನೆಲದ ಮೇಲೇ ಇಟ್ಟರೆ ದೂರ ಹೋಗುವುದು ನಡುವಿನ ತೂತಿನ ನೀರು. ಬುಡದ ನೀರಿಗೆ ವೇಗ ಜಾಸ್ತಿ ಇದ್ದರೂ ನೆಲ ಹತ್ತಿರವೇ ಇರುವುದರಿಂದ ಬೇಗ ಬಿದ್ದುಬಿಡುತ್ತದೆ. ಪಾಠದ ಎಷ್ಟೋ ಚಿತ್ರಗಳಲ್ಲಿ ಇದನ್ನು ತಪ್ಪಾಗಿ ಬರೆದಿರುತ್ತಾರೆ. ಮಗಳಿಗೆ ತೋರಿಸಲು ಹೋಗಿ ನಾನೇ ಪೆಚ್ಚಾದೆ.

ಈಗ ಬಾಟಲಿಯ ಆಕಾರ ಬದಲಿಸಿ. ದಪ್ಪ ಡಬ್ಬಿ, ಸಪೂರ ಪೈಪು, ಯಾವುದಾದರೂ ಸರಿ. ತೂತಿನಿಂದ ಮೇಲಿರುವ ನೀರಿನ ಎತ್ತರ ಒಂದೇ ಇದ್ದರೆ ಚಿಮ್ಮುವ ರಭಸವೂ ಒಂದೇ. ಇದನ್ನು 1586ರಲ್ಲೇ ಯುರೋಪಿನ ಗಣಿತಜ್ಞ ಸೈಮನ್ ಸ್ಟೆವಿನ್ ಬರೆದಿಟ್ಟಿದ್ದ. ಪಾತ್ರೆ ದೊಡ್ಡದಾದರೆ ಒಳಗಿನ ನೀರಿನ ಒಟ್ಟು ತೂಕ ಜಾಸ್ತಿ, ನಿಜ. ಆದರೆ ಆ ತೂಕ ಪಾತ್ರೆಯ ಇಡೀ ತಳದ ಮೇಲೆ ಹರಡಿಕೊಂಡು ಕೂತಿರುತ್ತದೆ. ಪೈಪಿನ ಬಾಯಿಯನ್ನು ಒತ್ತುವುದು ಅದರ ನೆತ್ತಿಯ ಮೇಲೆ ನೇರವಾಗಿ ನಿಂತ ನೀರಿನ ಕಂಬ ಮಾತ್ರ. ಪಕ್ಕದ ನೀರು ಅದಕ್ಕೆ ಲೆಕ್ಕಕ್ಕಿಲ್ಲ. ನಮ್ಮ ಪ್ಲಂಬರ್ ತಪ್ಪಿದ್ದು ಇಲ್ಲೇ, ನಾನು ದುಡ್ಡು ಕೊಟ್ಟದ್ದೂ ಇದಕ್ಕೇ.

ಹೆಜ್ಜೆ 2: ಟೇಪು ಹಿಡಿಯಿರಿ

ನೆನಪಿಡಬೇಕಾದ ಲೆಕ್ಕ ಒಂದೇ. 10 ಮೀಟರ್ ನೀರಿನ ಎತ್ತರ ಅಂದರೆ ಹತ್ತಿರ ಹತ್ತಿರ 1 ಕೆಜಿ ಒತ್ತಡ. ಪೂರ್ತಿ ಹೇಳಬೇಕೆಂದರೆ ಪ್ರತಿ ಚದರ ಸೆಂಟಿಮೀಟರ್‌ಗೆ 1 ಕೆಜಿ, ಅಂಗಡಿಯವರ ಬಾಯಲ್ಲಿ 'ಒಂದು ಬಾರ್'. ಅಡಿಯಲ್ಲಾದರೆ 33 ಅಡಿಗೆ 1 ಕೆಜಿ.

ಟ್ಯಾಂಕಿನೊಳಗಿನ ನೀರಿನ ಮೇಲ್ಮಟ್ಟದಿಂದ ಶವರ್‌ನ ಮೂತಿಯವರೆಗೆ ನೇರ ಎತ್ತರ ಅಳೆಯಿರಿ. ಪೈಪು ಎಷ್ಟು ಸುತ್ತಿಕೊಂಡು ಬಂದಿದೆ ಅನ್ನುವುದು ಈ ಲೆಕ್ಕಕ್ಕೆ ಬೇಡ. ನಮ್ಮ ಮನೆಯಲ್ಲಿ ನೆಲದಿಂದ ಟೆರೇಸಿಗೆ ಹತ್ತೂವರೆ ಅಡಿ. ಶವರ್ ಇರುವುದು ಆರೂವರೆ ಅಡಿಯಲ್ಲಿ. ಟ್ಯಾಂಕಿಗೆ ಸ್ಟ್ಯಾಂಡ್ ಇಲ್ಲ, ಟೆರೇಸಿನ ಮೇಲೇ ಕೂತಿದೆ. ಅಂದರೆ ಟ್ಯಾಂಕಿನ ತಳಕ್ಕೂ ಶವರ್‌ಗೂ ನಾಲ್ಕೇ ಅಡಿ. ಹಳೇ ಟ್ಯಾಂಕ್ ತುಂಬಿದ್ದಾಗ ಅದರ ಮೂರು ಅಡಿ ನೀರೂ ಸೇರಿ ಏಳು ಅಡಿ. ಒತ್ತಡ 0.2 ಕೆಜಿ. ಹೊಸ ಗಿಡ್ಡ ಟ್ಯಾಂಕಿನಲ್ಲಿ ಅಷ್ಟೇ ಐನೂರು ಲೀಟರ್ ಇದ್ದರೂ ನೀರು ಒಂದೂವರೆ ಅಡಿಗೇ ನಿಲ್ಲುತ್ತದೆ. ಅಲ್ಲಿಗೆ ಐದೂವರೆ ಅಡಿ.

ನಮಗಿಂತ ಎರಡು ಮಹಡಿ ಕೆಳಗಿರುವವರಿಗೆ ಇದರ ಮೇಲೆ ಇನ್ನೂ ಇಪ್ಪತ್ತು ಅಡಿ ಸಿಗುತ್ತದೆ. ಅವರ ಒತ್ತಡ ನಮ್ಮದರ ನಾಲ್ಕು ಪಟ್ಟು. ಅವರ ಮನೆಯ ಧೋ ಅನ್ನುವ ಸದ್ದಿಗೆ ಬೇರೆ ಗುಟ್ಟೇನೂ ಇಲ್ಲ.

ಹೆಜ್ಜೆ 3: ಬಕೆಟ್ ಮತ್ತು ಗಡಿಯಾರ

'ಪ್ರೆಷರ್ ಇಲ್ಲ' ಅಂತ ನಾವು ಎರಡು ಬೇರೆ ಬೇರೆ ತೊಂದರೆಗೆ ಹೇಳುತ್ತೇವೆ. ಒಂದು, ನೀರನ್ನು ತಳ್ಳುವ ಬಲವೇ ಇಲ್ಲದಿರುವುದು. ಇನ್ನೊಂದು, ಬಲ ಇದ್ದೂ ದಾರಿಯಲ್ಲಿ ಅಡ್ಡಿ ಇರುವುದು. ಟೇಪು ಹೇಳುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಬಕೆಟ್ ಬೇಕು.

10 ಲೀಟರ್ ಬಕೆಟ್ ಶವರ್ ಕೆಳಗಿಟ್ಟು, ಪೂರ್ತಿ ತಿರುಗಿಸಿ, ಫೋನಿನಲ್ಲಿ ಸಮಯ ನೋಡಿ. ನಮ್ಮಲ್ಲಿ ಎರಡೂವರೆ ನಿಮಿಷ ಹಿಡಿಯಿತು. ನಿಮಿಷಕ್ಕೆ 4 ಲೀಟರ್. ಆಮೇಲೆ ಶವರ್‌ನ ತಲೆ ಬಿಚ್ಚಿ, ಬರೀ ಪೈಪಿನಿಂದ ಅದೇ ಬಕೆಟ್ ತುಂಬಿಸಿ. ಸಮಯ ಅರ್ಧಕ್ಕಿಂತ ಕಡಿಮೆಯಾದರೆ ಕಳ್ಳ ಶವರ್‌ನ ತಲೆಯಲ್ಲೇ ಇದ್ದಾನೆ. ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಅವನು ಪೈಪಿನಲ್ಲೋ ಟೆರೇಸಿನಲ್ಲೋ ಇದ್ದಾನೆ. ಎರಡೂ ಸಮಯ ಬರೆದಿಡಿ. ರಿಪೇರಿ ಆದಮೇಲೆ 'ಈಗ ಪರವಾಗಿಲ್ಲ ಅಲ್ವಾ?' ಅಂತ ಕೇಳುವವರಿಗೆ ತೋರಿಸಲು ಬೇಕಾಗುತ್ತದೆ.

ಹೆಜ್ಜೆ 4: ಪಾರದರ್ಶಕ ಟ್ಯೂಬಿನ ಮೀಟರ್

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ. ಗಾರೆ ಮೇಸ್ತ್ರಿಗಳು ಲೆವೆಲ್ ನೋಡುತ್ತಾರಲ್ಲ, ಅದೇ ಟ್ಯೂಬು. ಅವರು ಹಿಡಿಯುವುದನ್ನು ಗಮನಿಸಿದ್ದೀರಾ? ಒಬ್ಬ ಈ ಗೋಡೆಗೆ, ಒಬ್ಬ ಆ ಗೋಡೆಗೆ ತುದಿ ಹಿಡಿಯುತ್ತಾರೆ. ನಡೆಯುವಾಗ ಹೆಬ್ಬೆರಳಿನಿಂದ ಬಾಯಿ ಮುಚ್ಚಿರುತ್ತಾರೆ. ನಿಂತ ಮೇಲೆ ಇಬ್ಬರೂ ಬೆರಳು ತೆಗೆದು ನೀರು ತೂಗಾಡುವುದು ನಿಲ್ಲುವವರೆಗೆ ಕಾಯುತ್ತಾರೆ, ಆಮೇಲೆ ಪೆನ್ಸಿಲ್ ಗುರುತು. ನಡುವೆ ಟ್ಯೂಬು ಹೇಗೆ ಸುರುಳಿ ಬಿದ್ದಿದ್ದರೂ ಎರಡೂ ತುದಿಯ ನೀರು ಒಂದೇ ಮಟ್ಟ. ಒಳಗೆ ಒಂದು ಗುಳ್ಳೆ ಉಳಿದರೆ ಮಾತ್ರ ಮಟ್ಟ ಸುಳ್ಳು ಹೇಳುತ್ತದೆ. ಅದಕ್ಕೇ ಒಳ್ಳೆಯ ಮೇಸ್ತ್ರಿ ಮೊದಲು ಎರಡೂ ತುದಿಯನ್ನು ಪಕ್ಕಪಕ್ಕ ಹಿಡಿದು ಸರಿ ಇದೆಯೇ ಅಂತ ನೋಡಿಕೊಳ್ಳುತ್ತಾನೆ.

ನಾವು ಮಾಡಬೇಕಾದದ್ದು ಇಷ್ಟು. ಟ್ಯೂಬಿನ ಒಂದು ತುದಿಯನ್ನು ಬಚ್ಚಲ ನಲ್ಲಿಗೆ ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಯನ್ನು ವೆಂಟಿಲೇಟರ್‌ನಿಂದ ಹೊರಗೆ ಹಾಕಿ ಟೆರೇಸಿಗೆ ಎಳೆದುಕೊಂಡು, ಟ್ಯಾಂಕಿಗಿಂತ ಮೇಲೆ ಕಟ್ಟಿ. ನಲ್ಲಿ ತಿರುಗಿಸಿ. ನೀರು ಟ್ಯೂಬಿನಲ್ಲಿ ಏರಿ, ಏರಿ, ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ನೀರು ಹರಿಯದೆ ನಿಂತಿದ್ದಾಗ ಪೈಪು ಎಷ್ಟೇ ಕಟ್ಟಿಕೊಂಡಿರಲಿ, ಎಷ್ಟೇ ತೆಳ್ಳಗಿರಲಿ, ಮಟ್ಟ ಇಲ್ಲಿಗೇ ಬರುತ್ತದೆ. ಬರಲಿಲ್ಲ ಅಂದರೆ ವಾಲ್ವ್ ಮುಚ್ಚಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ.

ಈಗ ಟ್ಯೂಬ್ ನೋಡುತ್ತಾ ಮೇಲೆ ನಿಂತು, ಕೆಳಗಿರುವವರಿಗೆ ಶವರ್ ತಿರುಗಿಸಲು ಹೇಳಿ. ನಾನು ಟೆರೇಸಿನಿಂದ ಕೂಗಿದೆ, ಹೆಂಡತಿ ತಿರುಗಿಸಿದಳು. ಟ್ಯೂಬಿನ ನೀರು ಸರಕ್ಕನೆ ಮೂರು ಅಡಿ ಇಳಿದುಬಿಟ್ಟಿತು! ತುಂಬಿದ ಟ್ಯಾಂಕಿನ ಏಳು ಅಡಿಯ ಆಸ್ತಿಯಲ್ಲಿ ಮೂರು ಅಡಿ ಪೈಪೇ ತಿಂದುಹಾಕುತ್ತಿದೆ ಅಂತ ಅರ್ಥ. ನಿಂತ ನೀರಿನ ಒತ್ತಡ ಬೇರೆ, ಹರಿಯುವ ನೀರಿನ ಒತ್ತಡ ಬೇರೆ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆವತ್ತೇ.

ನಿಮ್ಮ ಟ್ಯೂಬಿನಲ್ಲಿ ಮಟ್ಟ ನಾಲ್ಕೈದು ಇಂಚು ಮಾತ್ರ ಇಳಿದು, ಶವರ್ ಮಾತ್ರ ಸೊರಗಿದ್ದರೆ ಮುಖ್ಯ ಪೈಪು ಚೆನ್ನಾಗಿದೆ. ತೊಂದರೆ ಶವರ್‌ಗೆ ಹೋಗುವ ಕವಲಿನಲ್ಲಿ.

ಹೆಜ್ಜೆ 5: ಅಡ್ಡಿ ತೆಗೆಯಿರಿ

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮೊದಲ ಆರೋಪಿ ಉಪ್ಪು. ಶವರ್‌ನ ತೂತು, ನಲ್ಲಿಯ ಮೂತಿಯ ಜಾಲರಿ, ವಾಷಿಂಗ್ ಮೆಷಿನ್ ಪೈಪಿನ ಬಾಯಲ್ಲಿರುವ ಪುಟ್ಟ ಜರಡಿ, ಎಲ್ಲದರಲ್ಲೂ ಬಿಳಿ ಗಾರೆ ಕಟ್ಟಿರುತ್ತದೆ. ಬಿಚ್ಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ನಮ್ಮಲ್ಲಿ ಇದೊಂದರಿಂದಲೇ ಬಕೆಟ್ ತುಂಬುವ ಸಮಯ ಅರ್ಧ ನಿಮಿಷ ಕಡಿಮೆಯಾಯಿತು.

2024ರ ಬೇಸಿಗೆಯಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತ್ತು. ಅದು ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರಲ್ಲೇ ಕೆಲಸ ಮುಗಿಸುವ ಜಾಲರಿ. ಒತ್ತಡ ಚೆನ್ನಾಗಿರುವ ಕಡೆ ಒಳ್ಳೆಯದೇ. ತುದಿ ಮಹಡಿಯಲ್ಲಿ ಅದು ಕಟ್ಟಿಕೊಂಡರೆ ನಲ್ಲಿ ಪೂರ್ತಿ ಸತ್ತಂತೆ ಕಾಣುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ.

ಎರಡನೆಯ ಆರೋಪಿ ಪೈಪಿನ ಅಳತೆ. ಅರ್ಧ ಇಂಚಿನ ಪೈಪಿನ ಬದಲು ಮುಕ್ಕಾಲು ಇಂಚಿನದು ಹಾಕಿದರೆ, ಅಷ್ಟೇ ಉದ್ದಕ್ಕೆ, ಅಷ್ಟೇ ಎತ್ತರಕ್ಕೆ, ಎರಡೂವರೆ ಪಟ್ಟಿಗೂ ಜಾಸ್ತಿ ನೀರು ಹರಿಯುತ್ತದೆ. ಒಂದೂವರೆ ಪಟ್ಟು ಅಂದುಕೊಂಡಿದ್ದೆ ನಾನು. ಇದೇ ಲೆಕ್ಕ ತಿರುಗಿಸಿ ನೋಡಿ. ಒಳಗೆ 15 ಮಿಲಿಮೀಟರ್ ಇದ್ದ ದಾರಿ ಉಪ್ಪು, ತುಕ್ಕು ಕಟ್ಟಿ 10 ಮಿಲಿಮೀಟರ್‌ಗೆ ಇಳಿದರೆ ನೀರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮನೆಗಳಲ್ಲಿ ಟ್ಯಾಂಕ್ ಎತ್ತರಿಸುವುದಕ್ಕಿಂತ ಪೈಪು ಬದಲಿಸುವುದು ಎಷ್ಟೋ ವಾಸಿ. ಟ್ಯಾಂಕಿನ ಕೆಳಗಿರುವ ಗೇಟ್ ವಾಲ್ವನ್ನೂ ಒಮ್ಮೆ ನೋಡಿ. ಹಿಡಿ ಪೂರ್ತಿ ತಿರುಗಿದರೂ ಒಳಗಿನ ಬಾಗಿಲು ಕಳಚಿಕೊಂಡು ಅರ್ಧಕ್ಕೇ ನಿಂತಿರುವುದು ಉಂಟು.

ಹೆಜ್ಜೆ 6: ಗಾಳಿ ಹಿಡಿದುಕೊಂಡಿದೆಯೇ?

ಟ್ಯಾಂಕ್ ಖಾಲಿಯಾಗಿ, ಟ್ಯಾಂಕರ್ ಬಂದು, ಮೋಟರ್ ಹಾಕಿ ಮತ್ತೆ ತುಂಬಿದ ಮೇಲೆ ಅಡುಗೆಮನೆ ನಲ್ಲಿ ಚೆನ್ನಾಗಿ ಬರುತ್ತದೆ, ಬಚ್ಚಲಿನದು ಗೊರ್ ಗೊರ್ ಅಂದು ಸುಮ್ನಾಗುತ್ತದೆ. ಇದು ಏರ್ ಲಾಕ್. ಬೆಂಗಳೂರಿನ ಬೇಸಿಗೆಯಲ್ಲಿ ಮನೆಮನೆಯ ಕಥೆ.

ಟೆರೇಸಿನಲ್ಲಿ ಪೈಪು ಟ್ಯಾಂಕಿನಿಂದ ಹೊರಟು, ಗೋಡೆ ದಾಟಲು ಮೇಲೆದ್ದು, ಮತ್ತೆ ಕೆಳಗಿಳಿಯುವ ಜಾಗ ಇರುತ್ತದೆ. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಗೆ ತೂಕವಿಲ್ಲ ಅಂತಲೇ ಹೇಳಬಹುದು. ಇಳಿಯುವ ಪೈಪಿನಲ್ಲಿ ಎರಡು ಅಡಿ ಗಾಳಿ ಇದ್ದರೆ ಆ ಎರಡು ಅಡಿಯ ಒತ್ತಡ ನಿಮಗೆ ಸಿಗುವುದಿಲ್ಲ. ಮೊದಲೇ ನಾಲ್ಕೈದು ಅಡಿಯ ಬಡತನ. ಅದರಲ್ಲಿ ಇಂಥ ಎರಡು ಗೂನು ಇದ್ದರೆ ನೀರು ಮುಂದಕ್ಕೇ ಬರುವುದಿಲ್ಲ. ನೆಲಮಹಡಿಯವರಿಗೆ ಇದರ ಗೊಡವೆ ಅಷ್ಟಿಲ್ಲ. ಅವರ ನೀರಿಗೆ ಗಾಳಿಯನ್ನು ತಳ್ಳಿಕೊಂಡು ಹೋಗುವಷ್ಟು ಎತ್ತರ ಇರುತ್ತದೆ.

ಸರಿಮಾಡುವ ಬಗೆ ಹೀಗೆ. ಮೊದಲು ಗೀಸರ್ ಸ್ವಿಚ್ ಆರಿಸಿ. ಟ್ಯಾಂಕನ್ನು ಕಂಠದವರೆಗೆ ತುಂಬಿಸಿ. ಸತ್ತ ಲೈನಿನಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ಪೂರ್ತಿ ತಿರುಗಿಸಿ ಹತ್ತು ನಿಮಿಷ ಬಿಡಿ. ಅದನ್ನು ಪಟ್ಟನೆ ಮುಚ್ಚಿ, ತೆರೆದು, ಮುಚ್ಚಿ, ನಾಲ್ಕೈದು ಸಲ ಮಾಡಿ. ಬಗ್ಗದಿದ್ದರೆ ಟೆರೇಸಿಗೆ ಹೋಗಿ, ಗೂನಿನ ಹತ್ತಿರ ಇರುವ ಯೂನಿಯನ್ (ಎರಡು ಪೈಪು ಕೂಡಿಸುವ, ಬಿಚ್ಚಬಹುದಾದ ಜೋಡಣೆ) ಅನ್ನು ಅರ್ಧ ಸುತ್ತು ಸಡಿಲಿಸಿ. ಸುಸ್ ಅಂತ ಗಾಳಿ ಬರುತ್ತದೆ, ಆಮೇಲೆ ಗಾಳಿ ನೀರು ಎರಡೂ, ಆಮೇಲೆ ಬರೀ ನೀರು. ಆಗ ಬಿಗಿಮಾಡಿ.

ಪ್ರತಿ ಸಲ ಇದೇ ಗೋಳಾದರೆ ಗೇಟ್ ವಾಲ್ವ್ ದಾಟಿದ ಮೇಲೆ ಒಂದು ಟೀ (ಮೂರು ಬಾಯಿಯ ಪೈಪಿನ ಜೋಡಣೆ) ಹಾಕಿಸಿ, ಅದರಿಂದ ಒಂದು ಏರ್ ಪೈಪನ್ನು ನೆಟ್ಟಗೆ ಎಬ್ಬಿಸಿ. ಊರಿನ ಟೆರೇಸುಗಳಲ್ಲಿ ಟ್ಯಾಂಕ್ ಪಕ್ಕ ಕೊಡೆ ಹಿಡಿಯಂತೆ ತಲೆ ಬಗ್ಗಿಸಿಕೊಂಡು ನಿಂತ ತೆಳು ಪೈಪು ನೋಡಿರುತ್ತೀರಿ, ಅದೇ. ಅದರ ಬಾಯಿ ಟ್ಯಾಂಕಿನ ತುಂಬುಮಟ್ಟಕ್ಕಿಂತ ಒಂದಡಿಯಾದರೂ ಮೇಲಿರಲಿ. ಇಲ್ಲದಿದ್ದರೆ ಟ್ಯಾಂಕ್ ತುಂಬಿದಾಗೆಲ್ಲ ಅಲ್ಲಿಂದ ನೀರು ಚೆಲ್ಲುತ್ತದೆ.

ಹೆಜ್ಜೆ 7: ಎತ್ತರಿಸುವುದೋ, ಪಂಪ್ ಹಾಕುವುದೋ

ಇಷ್ಟೆಲ್ಲ ಆದಮೇಲೂ ನೀರು ಸಾಲದಿದ್ದರೆ ಉಳಿದಿರುವ ದಾರಿ ಎರಡು.

ಟ್ಯಾಂಕ್ ಎತ್ತರಿಸುವುದು ನನ್ನ ಮೊದಲ ಆಯ್ಕೆ. ಒಮ್ಮೆ ಖರ್ಚು, ಕರೆಂಟ್ ಹೋದರೂ ಕೆಲಸ ಮಾಡುತ್ತದೆ. ಆದರೆ 1000 ಲೀಟರ್ ನೀರು ಅಂದರೆ ಒಂದು ಟನ್. ಟೆರೇಸಿನ ನಡುಮಧ್ಯೆ ನಾಲ್ಕು ಕಾಲಿನ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಒಂದು ಟನ್ ಕೂರಿಸಿದರೆ ಅಷ್ಟೂ ಭಾರ ನಾಲ್ಕು ಅಂಗೈಯಗಲ ಜಾಗದ ಮೇಲೆ ಬೀಳುತ್ತದೆ. ಪಿಲ್ಲರ್ ಅಥವಾ ಗೋಡೆಯ ನೆತ್ತಿಯ ಮೇಲೇ ಬರುವಂತೆ ನೋಡಿಕೊಳ್ಳಬೇಕು. ಇದನ್ನು ಇಂಜಿನಿಯರ್ ಒಬ್ಬರಿಗೆ ತೋರಿಸದೆ ಮಾಡಬೇಡಿ. ನಾವು ಟ್ಯಾಂಕನ್ನು ಮೆಟ್ಟಿಲ ಮೇಲಿನ ಹೆಡ್‌ರೂಮ್ ಮೇಲಕ್ಕೆ ಸಾಗಿಸಿದೆವು. ನಾಲ್ಕೂ ಕಡೆ ಗೋಡೆ ಇರುವ ಜಾಗ, ಎಂಟು ಅಡಿ ಮೇಲೆ. ಜೊತೆಗೆ ಟ್ಯಾಂಕಿನಿಂದ ಇಳಿಯುವ ಅರ್ಧ ಇಂಚಿನ ಪೈಪು ತೆಗೆದು ಒಂದು ಇಂಚಿನದು ಹಾಕಿಸಿದೆವು. ಈಗ ಬಕೆಟ್ ತುಂಬಲು 65 ಸೆಕೆಂಡ್.

ಇದೂ ಆಗದಿದ್ದರೆ ಕೈಯಲ್ಲಿ ಹಿಡಿಯುವ ಶವರ್ ಹಾಕಿಕೊಳ್ಳಿ. ಎದೆಮಟ್ಟಕ್ಕೆ ಹಿಡಿದರೆ ಎರಡು ಅಡಿ ಪುಕ್ಕಟೆ ಸಿಗುತ್ತದೆ. ಸುಮ್ನೆ ಹೇಳುತ್ತಿಲ್ಲ, ಏಳು ಅಡಿಯಲ್ಲಿ ಎರಡು ಅಡಿ ಅಂದರೆ ಸಣ್ಣ ಮಾತಲ್ಲ.

ಪ್ರೆಷರ್ ಪಂಪ್ ಹಾಕುವವರು ಮೊದಲು ಗೀಸರ್ ಮೇಲಿನ ಚೀಟಿ ಓದಿ. 0.8 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಇನ್ನೊಂದು ಅಳತೆ) ಅಂತ ಇದ್ದರೆ ಅದು 8 ಬಾರ್ ತಡೆಯುತ್ತದೆ, ಅಂದರೆ 80 ಮೀಟರ್ ನೀರಿನ ಎತ್ತರ. ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ತೊಂದರೆ ನಮ್ಮದರ ಉಲ್ಟಾ. ಇಪ್ಪತ್ತು ಮಹಡಿಗೆ ಮೂರು ಮೂರು ಮೀಟರ್ ಅಂತ ಹಿಡಿದರೂ ತಳದ ಮನೆಗೆ 6 ಕೆಜಿ ಒತ್ತಡ. ಅದಕ್ಕೇ ಅಲ್ಲಿ ಕೆಲವು ಮಹಡಿಗೊಂದು ಒತ್ತಡ ಇಳಿಸುವ ವಾಲ್ವ್ ಇರುತ್ತದೆ. ಅದು ಕೆಟ್ಟರೆ ಮೊದಲು ಬಲಿಯಾಗುವುದು ಟಾಯ್ಲೆಟ್‌ನ ಹೆಲ್ತ್ ಫಾಸೆಟ್‌ನ ಪೈಪು. ಊರಿಗೆ ಹೋಗುವಾಗ ಅದರ ಗೋಡೆಯ ಕಾಕ್ ಮುಚ್ಚಿ ಹೋಗಿ. ಹಿಡಿಯ ಗುಂಡಿ ಬಿಟ್ಟರೆ ನೀರು ನಿಂತಂತೆ ಕಾಣುತ್ತದೆ, ಒತ್ತಡ ಮಾತ್ರ ಪೈಪಿನ ಮೇಲೆ ಹಗಲೂ ರಾತ್ರಿ ಇರುತ್ತದೆ.

ಮೋಟರ್ ನೀರು ಎತ್ತದಿದ್ದಾಗ

ಸಂಪಿನ ಮೇಲಿನ ಮೋಟರ್ ನೀರನ್ನು 'ಹೀರುತ್ತದೆ' ಅನ್ನುತ್ತೇವೆ. ಅದು ಮಾಡುವುದು ಪೈಪಿನೊಳಗಿನ ಒತ್ತಡ ಇಳಿಸುವುದು ಮಾತ್ರ. ನೀರನ್ನು ಮೇಲಕ್ಕೆ ತಳ್ಳುವುದು ಸಂಪಿನ ನೀರಿನ ಮೇಲೆ ಕೂತ ಗಾಳಿ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆ ಗಾಳಿ ತಳ್ಳಬಲ್ಲದ್ದು ಹೆಚ್ಚೆಂದರೆ ಒಂಬತ್ತು ಮೀಟರ್ ಚಿಲ್ಲರೆ. ಪಂಪಿನ ಸೋರಿಕೆ, ಪೈಪಿನ ಅಡ್ಡಿ ಕಳೆದರೆ ಆರೇಳು ಮೀಟರ್. ಸಂಪಿಗೆ ಧಾರಾಳವಾಯಿತು. ಸಾವಿರ ಅಡಿ ಬೋರ್‌ವೆಲ್‌ಗೆ ಮೇಲಿಂದ ಯಾವ ಮೋಟರೂ ಹೀರಲಾರದು. ಅದಕ್ಕೇ ಅಲ್ಲಿ ಪಂಪನ್ನೇ ನೀರಿನೊಳಗೆ ಇಳಿಸಿ, ಕೆಳಗಿನಿಂದ ತಳ್ಳಿಸುವುದು.

ಮೋಟರ್ ಓಡುತ್ತಿದೆ, ನೀರು ಬರುತ್ತಿಲ್ಲ ಅಂದರೆ ಮತ್ತೆ ಗಾಳಿಯೇ. ತಕ್ಷಣ ಆರಿಸಿ, ಒಣಗಿ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಪಂಪಿನ ನೆತ್ತಿಯ ಬಿರಡೆ ಬಿಚ್ಚಿ, ಚೊಂಬಿನಿಂದ ನೀರು ತುಂಬಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿ ಚಾಲೂ ಮಾಡಿ. ಹುಯ್ದ ನೀರು ನಿಲ್ಲದೆ ಇಳಿಯುತ್ತಲೇ ಇದ್ದರೆ ಸಂಪಿನೊಳಗೆ ಪೈಪಿನ ತುದಿಯಲ್ಲಿರುವ, ನೀರನ್ನು ಹಿಂದಕ್ಕೆ ಬಿಡದ ಫುಟ್ ವಾಲ್ವ್‌ನಲ್ಲಿ ಕಸ ಸಿಕ್ಕಿದೆ.

ಇನ್ನೊಂದು ಮಾತು. ಬೀದಿಯ ಕಾವೇರಿ ಲೈನಿಗೆ ನೇರ ಮೋಟರ್ ಕೂರಿಸುವುದನ್ನು ಜಲಮಂಡಳಿ ನಿಷೇಧಿಸಿದೆ. ಪಕ್ಕದ ಮನೆಗೆ ನೀರು ತಪ್ಪುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಪೈಪಿನೊಳಗೆ ಒತ್ತಡ ಇದ್ದಷ್ಟು ಹೊತ್ತು ಬಿರುಕಿನಿಂದ ನೀರು ಹೊರಕ್ಕೆ ಸೋರುತ್ತದೆ. ಮೋಟರ್ ಹೀರಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾದರೆ ಅದೇ ಬಿರುಕಿನಿಂದ ಚರಂಡಿಯ ನೀರು ಒಳಕ್ಕೆ ಬರುತ್ತದೆ. ಅದು ಹೋಗಿ ಸೇರುವುದು ಮೋಟರ್ ಹಾಕಿದವನ ಸಂಪಿಗೇ.

ಅಂದಹಾಗೆ ಆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಹತ್ತಿ ಬರುತ್ತದೆ. ಒಂದೇ ಏಟಿಗೆ ತಳ್ಳಿದರೆ ಬುಡದ ಪೈಪಿನಲ್ಲಿ 50 ಕೆಜಿ ಒತ್ತಡ ಕೂರುತ್ತದೆ. ಅದಕ್ಕೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಹತ್ತಿಸುತ್ತಾರೆ.

ಟ್ಯಾಂಕಿನ ತಳದ ಕೆಸರು

ಟ್ಯಾಂಕಿನ ತಳದಲ್ಲಿ ಪೈಪಿಗೆ ಸಿಗದ ಎರಡಿಂಚು ಕೆಸರು ನೀರು ಉಳಿಯುತ್ತದೆ. ಟ್ಯೂಬಿನಲ್ಲಿ ಪೂರ್ತಿ ನೀರು ತುಂಬಿ, ಎರಡೂ ತುದಿಗೆ ಹೆಬ್ಬೆರಳು ಒತ್ತಿ, ಒಂದನ್ನು ಕೆಸರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ ಬಿಡಿ. ಬೆರಳು ತೆಗೆದರೆ ತಾನೇ ಹರಿಯುತ್ತದೆ. ಬಾಯಲ್ಲಿ ಎಳೆಯುವ ಚಾಳಿ ಬೇಡ.

ಜಾಕ್ ಮತ್ತು ಬ್ರೇಕ್

ಇದೇ ಒತ್ತಡದ ಲೆಕ್ಕ ಮನೆಯ ಪೈಪಿನಾಚೆಗೂ ನಡೆಯುತ್ತದೆ. ಮುಚ್ಚಿದ ಪಾತ್ರೆಯ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಅಷ್ಟೇ ಪ್ರಮಾಣದಲ್ಲಿ ಎಲ್ಲ ಕಡೆಗೂ ಹೋಗುತ್ತದೆ. ಇದನ್ನು ಹೇಳಿದವನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ತತ್ವದ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಗ್ಯಾರೇಜಿನ ಬಾಟಲ್ ಜಾಕ್ ಅದರ ಮೊಮ್ಮಗ. ಒಂದು ಸೆಂಟಿಮೀಟರ್ ಅಗಲದ ಸಣ್ಣ ಪಿಸ್ಟನ್, ಐದು ಸೆಂಟಿಮೀಟರ್ ಅಗಲದ ದೊಡ್ಡದು ಅಂತಿಟ್ಟುಕೊಳ್ಳಿ. ವಿಸ್ತೀರ್ಣ 25 ಪಟ್ಟು. ಇತ್ತ 20 ಕೆಜಿ ಒತ್ತಿದರೆ ಅತ್ತ 500 ಕೆಜಿ ಏಳುತ್ತದೆ. ಪುಕ್ಕಟೆ ಏನಲ್ಲ. ಇತ್ತ 25 ಸೆಂಟಿಮೀಟರ್ ಒತ್ತಿದರೆ ಅತ್ತ ಏಳುವುದು ಒಂದೇ ಸೆಂಟಿಮೀಟರ್. ಮೆಕ್ಯಾನಿಕ್ ಹಿಡಿಯನ್ನು ಅಷ್ಟು ಸಲ ಆಡಿಸುವುದು ಅದಕ್ಕೇ.

ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ನಮ್ಮ ಹಳೇ ಶತ್ರು ಅಲ್ಲೂ ಬಂದಿರಬಹುದು. ಬ್ರೇಕ್ ಎಣ್ಣೆಯ ಪೈಪಿನಲ್ಲಿ ಗಾಳಿ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಒತ್ತು ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಇದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ, ನೇರ ಗ್ಯಾರೇಜಿಗೆ.

ಕುಕ್ಕರ್ ಮುಚ್ಚಳದ ಲೆಕ್ಕ

1648ರಲ್ಲಿ ಪಾಸ್ಕಲ್‌ನ ಭಾವ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹೊತ್ತು ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟ ಹತ್ತಿದ. ಮೇಲೆ ಹೋದಂತೆ ಪಾದರಸ ಇಳಿಯಿತು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಅದೇ ಕಾರಣಕ್ಕೆ ಬೆಂಗಳೂರಿನ ಅಡುಗೆಮನೆಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ ಸುಮಾರು 95. ತೊಗರಿಬೇಳೆ ಇಲ್ಲಿ ತೆರೆದ ಪಾತ್ರೆಯಲ್ಲಿ ಸತಾಯಿಸುವುದಕ್ಕೆ ಇದೂ ಒಂದು ಕಾರಣ.

ಕುಕ್ಕರ್‌ನ ವೆಯ್ಟ್ ಹೊರಗಿನ ಗಾಳಿಯ ಮೇಲೆ ಇನ್ನೊಂದು 1 ಕೆಜಿ ಒತ್ತಡ ಕಟ್ಟುತ್ತದೆ. ಆಗ ಒಳಗಿನ ನೀರು 118 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಇಷ್ಟು ಪುಟ್ಟ ವೆಯ್ಟ್ ಅದು ಹೇಗೆ ತಡೆಯುತ್ತದೆ? ಅದು ಮುಚ್ಚುವುದು ಸಣ್ಣ ತೂತನ್ನು ಮಾತ್ರ. ತೂತು 3 ಮಿಲಿಮೀಟರ್ ಅಗಲ ಇದ್ದರೆ 70 ಗ್ರಾಂ ಸಾಕು.

ಮುಚ್ಚಳದ ಲೆಕ್ಕ ಬೇರೆ. 20 ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರ್‌ಗೂ 1 ಕೆಜಿ. ಒಟ್ಟು ಮುನ್ನೂರು ಕೆಜಿಗೂ ಜಾಸ್ತಿ ಬಲ ಅದನ್ನು ಮೇಲಕ್ಕೆ ನೂಕುತ್ತಿರುತ್ತದೆ. ಸೀಟಿ ಇಳಿಯುವ ಮೊದಲು ಹಿಡಿ ತಿರುಗಿಸಲು ಒದ್ದಾಡುವವರಿಗೆ ನಾನು ಈ ಅಂಕಿಯನ್ನೇ ಹೇಳುತ್ತೇನೆ. ಅಡುಗೆಗೆ ಇಡುವ ಮುಂಚೆ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ತೂತಿನಲ್ಲಿ ಆ ಕಡೆ ಕಾಣುತ್ತದೆಯೇ ನೋಡಿ. ಬೇಳೆ ಸಿಪ್ಪೆ ಅಡ್ಡ ಕೂತಿದ್ದರೆ ಕಡ್ಡಿಯಿಂದ ತೆಗೆಯಿರಿ.

ತೋಳಿನ ಎತ್ತರ, ಬಿಪಿಯ ಅಂಕಿ

ರಕ್ತವೂ ನೀರಿನಂತೆಯೇ, ತೂಕ ಒಂಚೂರು ಜಾಸ್ತಿ. 120 ಬಿಪಿ ಅಂದರೆ 120 ಮಿಲಿಮೀಟರ್ ಪಾದರಸದ ಎತ್ತರ. ಅದನ್ನೇ ನೀರಿನಲ್ಲಿ ಹೇಳಿದರೆ 1.6 ಮೀಟರ್. ಸಲೈನ್ ಬಾಟಲಿಯನ್ನು ಕಂಬದ ತುದಿಗೆ ನೇತುಹಾಕುವುದೂ ನಮ್ಮ ಟ್ಯಾಂಕಿನ ಕಥೆಯೇ. ಬಾಟಲಿ ಕೆಳಗಿಳಿಸಿದರೆ ರಕ್ತವೇ ಟ್ಯೂಬಿಗೆ ಹತ್ತಿಬರುತ್ತದೆ.

ಅಮ್ಮ ಮನೆಯಲ್ಲಿ ಮೆಷಿನ್‌ನಲ್ಲಿ ಬಿಪಿ ನೋಡಿಕೊಳ್ಳುತ್ತಾರೆ. ಸೋಫಾದಲ್ಲಿ ಕೂತು ತೋಳು ಇಳಿಬಿಟ್ಟು ನೋಡಿದರೆ 142, ಊಟದ ಮೇಜಿನ ಹತ್ತಿರ ನೋಡಿದರೆ 130. ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದರು. ಪಟ್ಟಿ ಕಟ್ಟಿದ ಜಾಗ ಎದೆಗಿಂತ 15 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟು ಎತ್ತರದ ರಕ್ತದ ಒತ್ತಡವೂ ಸೇರಿ 11, 12 ಅಂಕಿ ಸುಮ್ನೆ ಏರುತ್ತದೆ. ತೋಳನ್ನು ಮೇಜಿನ ಮೇಲಿಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ. ಮೇಜು ತಗ್ಗಾಗಿದ್ದರೆ ತೋಳಿನ ಕೆಳಗೆ ಒಂದು ದಿಂಬು ಇಡಿ. ಐದು ನಿಮಿಷ ಮಾತಾಡದೆ ಕೂತು, ಆಮೇಲೆ ಗುಂಡಿ ಒತ್ತಿ.